ಕ್ವಿಯರ್ ಥಿಯರಿ, ಊರಿನ ಆರೋಗ್ಯ, ಮನಸ್ಸು: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ತರಬೇತಿಗಳಲ್ಲಿ, ಫೋನಿನಲ್ಲಿ, ಕೆಲವು ಸಲ ಹೆಸರು ಬರೆಯದ ಚೀಟಿಗಳಲ್ಲಿ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ, ಸ್ವಲ್ಪ ಒರಟಾಗಿದ್ದರೂ ತಿದ್ದಿಲ್ಲ. ಮೊದಲಿನವು ಎಲ್ಲರಿಗೂ. ಕೊನೆಯವು ಈ ಕೆಲಸದಲ್ಲಿ ಇರುವವರಿಗೆ ಮತ್ತು ಓದುತ್ತಿರುವವರಿಗೆ. ಯಾವುದನ್ನು ಬೇಕಾದರೂ ಮೊದಲು ಓದಿ, ಒಂದಕ್ಕೆ ಇನ್ನೊಂದು ಬೇಕಿಲ್ಲ.

## ಈಗಷ್ಟೇ ಕೇಳುತ್ತಿರುವವರಿಗೆ

ಈ ಕ್ವಿಯರ್ ಥಿಯರಿ ಅಂದ್ರೆ ಏನು? ಸುಮ್ನೆ ಸರಳವಾಗಿ ಹೇಳಿ.

ಗಂಡನ್ನು ಇಷ್ಟಪಡುವ ಗಂಡು (ಗೇ), ಹೆಣ್ಣನ್ನು ಇಷ್ಟಪಡುವ ಹೆಣ್ಣು (ಲೆಸ್ಬಿಯನ್), ಹುಟ್ಟಿದಾಗ ಬರೆಸಿದ ಲಿಂಗಕ್ಕಿಂತ ಬೇರೆಯಾಗಿ ತಮ್ಮನ್ನು ಕಾಣುವವರು (ಟ್ರಾನ್ಸ್), ಇವರನ್ನೆಲ್ಲ ಸೇರಿಸಿ ಕರೆಯುವ ಇಂಗ್ಲಿಷ್ ಮಾತು ಕ್ವಿಯರ್. ನಾವು ಯಾವುದನ್ನು 'ಸಹಜ' ಅಂತ ಕರೆಯುತ್ತೇವೋ ಅದು ಹೇಗೆ ಸಹಜವಾಯಿತು, ಅದರಿಂದ ಯಾರಿಗೆ ಅನುಕೂಲ, ಯಾರಿಗೆ ಪೆಟ್ಟು ಅಂತ ಕೇಳುವ ಕ್ರಮವೇ ಕ್ವಿಯರ್ ಥಿಯರಿ. ಗಂಡು ಹೀಗಿರಬೇಕು, ಹೆಣ್ಣು ಹೀಗಿರಬೇಕು, ವಯಸ್ಸಿಗೆ ಬಂದ ಮೇಲೆ ಮದುವೆ, ಮದುವೆಯಾಗಿ ವರ್ಷ ತುಂಬುವ ಮೊದಲೇ 'ಏನಾದ್ರೂ ವಿಶೇಷ ಇದ್ಯಾ?' ಅನ್ನೋ ವಿಚಾರಣೆ. ಈ ಸಾಲನ್ನು ಯಾರೂ ಪ್ರಶ್ನೆ ಮಾಡೋದಿಲ್ಲ. ಸಾಲು ತಪ್ಪಿದವರನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಈ ಥಿಯರಿ ಸಾಲನ್ನೇ ನೋಡು ಅನ್ನುತ್ತದೆ.

ಫ್ರಾನ್ಸಿನ ಚಿಂತಕ ಮಿಶೆಲ್ ಫುಕೊ 1976ರಲ್ಲಿ ಒಂದು ವಿಷಯ ಎತ್ತಿ ತೋರಿಸಿದರು. 19ನೇ ಶತಮಾನದ ಯುರೋಪಿನ ವೈದ್ಯರು ಗಂಡು ಗಂಡನ್ನು ಕೂಡುವ ನಡವಳಿಕೆಯನ್ನು ಹಿಡಿದು ಒಂದು ಬಗೆಯ ಮನುಷ್ಯನನ್ನೇ ಮಾಡಿಬಿಟ್ಟರು. ಯಾರೋ ಏನೋ ಮಾಡಿದ ಅನ್ನೋದು ಹೋಗಿ 'ಅವನು ಅಂಥವನು' ಅಂತಾಯಿತು. 1990ರ ಹೊತ್ತಿಗೆ ಅಮೆರಿಕದಲ್ಲಿ ಜುಡಿತ್ ಬಟ್ಲರ್, ಈವ್ ಸೆಡ್ಜ್‌ವಿಕ್, ತೆರೇಸಾ ದ ಲೌರೆಟಿಸ್ ಮುಂತಾದ ವಿದ್ವಾಂಸರು ಇದನ್ನು ಬೆಳೆಸಿದರು. ತುಂಬಾ ಕಷ್ಟವಾಗಿ ಬರೆದರು, ನನ್ನ ಪ್ರಕಾರ ಬೇಕಾದ್ದಕ್ಕಿಂತ ಜಾಸ್ತಿ ಕಷ್ಟವಾಗಿ. ಆದರೆ ಅವರು ಕೇಳಿದ ಪ್ರಶ್ನೆ ನಮ್ಮ ಆರೋಗ್ಯ ಉಪಕೇಂದ್ರದ ಮೇಜಿನ ಮೇಲೂ ಇಡಬಹುದಾದ ಪ್ರಶ್ನೆ.

ಸಮುದಾಯ ಆರೋಗ್ಯ ಮನಃಶಾಸ್ತ್ರ ಅಂದ್ರೆ ಮನೋವೈದ್ಯರು ಊರಿಗೆ ಬರೋದಾ?

ಅದೂ ಒಂದು ಭಾಗ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದರು. ಅದೇ ಮಾದರಿ ಹಿಡಿದು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಅಂದರೆ ಈ ವಿಷಯದಲ್ಲಿ ಕರ್ನಾಟಕದ ಹಳ್ಳಿಗಳು ಮುಂದೆ ಇದ್ದವು.

ಆದರೆ ಸಮುದಾಯ ಅನ್ನುವಾಗ ಡಾಕ್ಟರ್ ಬಂದು ಹೋಗುವುದಷ್ಟೇ ಸಾಲದು. ಮಂಗನ ಕಾಯಿಲೆಯನ್ನೇ ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಯಿತು. ವೈರಸ್ ಯಾವುದು, ಅದನ್ನು ಹರಡುವ ಉಣುಗು ಯಾವುದು ಅಂತ ಗೊತ್ತಾದರೆ ಮುಗಿಯಲಿಲ್ಲ. ತರಗೆಲೆ ತರಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋಗುವವರು ಯಾರು, ಹೋಗದೆ ಅವರಿಗೆ ನಡೆಯುತ್ತದಾ, ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ ಅಂದರೆ ಯಾಕೆ ಹಚ್ಚಲ್ಲ, ಇವೆಲ್ಲ ಗೊತ್ತಾಗಬೇಕು. ಮನಸ್ಸಿನ ವಿಷಯದಲ್ಲೂ ಹೀಗೇ ಕೇಳುವುದು ಸಮುದಾಯ ಆರೋಗ್ಯ ಮನಃಶಾಸ್ತ್ರ. ಒಬ್ಬರಿಗೆ ನಿದ್ದೆ ಬರ್ತಿಲ್ಲ ಅಂದ್ರೆ ಅವರ ತಲೆಯೊಳಗೆ ಏನಾಗಿದೆ ಅಂತ ಕೇಳುವುದರ ಜೊತೆಗೆ, ಅವರ ಮನೆ, ಕೇರಿ, ಕೆಲಸ ಹೇಗಿದೆ ಅಂತಲೂ ಕೇಳುತ್ತದೆ.

ಇದೆಲ್ಲ ಫಾರಿನ್ ವಿಷಯ ಅಲ್ವಾ? ನಮ್ಮ ಮಲೆನಾಡಲ್ಲಿ ಇಂಥವರು ಎಲ್ಲಿದ್ದಾರೆ ಮಾರಾಯ್ರೆ?

ಥಿಯರಿ ಹೊರಗಿನದು, ಒಪ್ಪಿದೆ. ಜನ ಹೊರಗಿನವರಲ್ಲ. ಸೊರಬದ ಚಂದ್ರಗುತ್ತಿಯ ಜಾತ್ರೆ ನೋಡಿದವರಿಗೆ, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಬದುಕುವ ಜೋಗಪ್ಪ, ಜೋಗತಿಯರನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಇನ್ನು ಶಿಕಾರಿಪುರದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಗಂಡ, ಅರಮನೆ, ಬಟ್ಟೆ ಎಲ್ಲ ಬಿಟ್ಟು ನಡೆದಳು. ಅಕ್ಕನಿಗೆ ಇವತ್ತಿನ ಹೆಸರು ಅಂಟಿಸಲು ನಾನು ಹೋಗುವುದಿಲ್ಲ, ಅದು ಅನ್ಯಾಯ. ಆದರೆ 'ಹೆಣ್ಣು ಅಂದ್ರೆ ಹೀಗೇ' ಅನ್ನೋ ಲೆಕ್ಕ ತಪ್ಪಿಸಿದವರು ಈ ನೆಲದಲ್ಲಿ ಮೊದಲಿಂದಲೂ ಇದ್ದರು ಅಂತ ಹೇಳಲು ಏನೂ ಅಡ್ಡಿಯಿಲ್ಲ.

ಮತ್ತೆ, ಇಲ್ಲಿ ಇಂಥವರು ಯಾರೂ ಕಾಣಲ್ಲ ಅಂತೀರಲ್ಲ, ಅದಕ್ಕೆ ಒಂದು ಕಾರಣ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. ಇರಲಾಗದವರು ಹೊರಟು ಹೋಗುತ್ತಾರೆ. ಉಳಿದವರು ಕಾಣದ ಹಾಗೆ ಇರಲು ಕಲಿಯುತ್ತಾರೆ.

ಇದು ಕಾಯಿಲೆನಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ.

ಅಲ್ಲ.

ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಭಾರತೀಯ ಮನೋವೈದ್ಯಕೀಯ ಸಂಘ 2018ರಲ್ಲಿ ಇದನ್ನೇ ಬಾಯಿಬಿಟ್ಟು ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ಕೂಡುವುದನ್ನು ಆಗಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟಿತು. ಟ್ರಾನ್ಸ್ ಜನರ ವಿಷಯವನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ರೋಗಗಳ ಅಧ್ಯಾಯದಿಂದ ತೆಗೆದು ಬೇರೆ ಕಡೆ ಇಟ್ಟಿದೆ, 2022ರಿಂದ ಅದು ಜಾರಿಯಲ್ಲಿದೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ನಮ್ಮದೇ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017. ಊರಿನ ನೀತಿ, ರೂಢಿ, ಧರ್ಮದ ನಂಬಿಕೆಗೆ ಹೊಂದಿಕೊಳ್ಳಲಿಲ್ಲ ಅನ್ನೋ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅಂತ ತೀರ್ಮಾನ ಮಾಡುವ ಹಾಗಿಲ್ಲ ಅಂತ ಅದರ 3ನೇ ಕಲಮು ಹೇಳುತ್ತದೆ. ಥಿಯರಿಯವರು ನೂರಾರು ಪುಟದಲ್ಲಿ ಹೇಳಿದ್ದನ್ನು ಕಾಯ್ದೆ ಎರಡು ಸಾಲಿನಲ್ಲಿ ಹೇಳಿಬಿಟ್ಟಿದೆ.

ಮದುವೆ ಮಾಡಿದ್ರೆ ಎಲ್ಲ ಸರಿ ಹೋಗುತ್ತೆ ಅಂತ ನಮ್ಮ ಅತ್ತೆ ಹೇಳ್ತಾರೆ. ಇಲ್ಲಾಂದ್ರೆ ಟ್ರೀಟ್‌ಮೆಂಟ್ ಕೊಡಿಸೋಣ ಅಂತಾರೆ.

ಅತ್ತೆಯವರಿಗೆ ಕೆಟ್ಟದ್ದು ಮಾಡುವ ಮನಸ್ಸಿಲ್ಲ. ಅವರಿಗೆ ಗೊತ್ತಿರುವ ಔಷಧಿ ಅದೊಂದೇ. ಕುಡಿತ, ಸಿಟ್ಟು, ಉಡಾಳತನ ಎಲ್ಲಕ್ಕೂ ಮದುವೆಯನ್ನೇ ಬರೆದುಕೊಟ್ಟ ಊರು ನಮ್ಮದು. ಆದರೆ ಇಂಥ ಮದುವೆಯಲ್ಲಿ ಇಬ್ಬರು ಸಿಕ್ಕಿಹಾಕಿಕೊಳ್ಳುತ್ತಾರೆ, ಅದರಲ್ಲೂ ಬಂದ ಹುಡುಗಿಗೆ 'ನನ್ನಲ್ಲೇ ಏನೋ ಕೊರತೆ' ಅನ್ನಿಸಲು ಶುರುವಾಗುತ್ತದೆ. ಮಕ್ಕಳಾಗಲಿಲ್ಲ ಅಂತ ಅವಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಾರೆ. ಅವಳ ಖಿನ್ನತೆಯ ಲೆಕ್ಕ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಟ್ರೀಟ್‌ಮೆಂಟ್ ವಿಷಯ: ಆಕರ್ಷಣೆ ಬದಲಾಯಿಸುತ್ತೇವೆ ಅಂತ ಮಾಡುವ 'ಪರಿವರ್ತನಾ ಚಿಕಿತ್ಸೆ'ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಅಂತ ಹೇಳಿದೆ, ಮದ್ರಾಸ್ ಹೈಕೋರ್ಟಿನ ಆದೇಶದ ನಂತರ. ಯಾರಾದರೂ ಡಾಕ್ಟರ್ ಅದನ್ನು ಮಾಡುತ್ತೇನೆ ಅಂದರೆ ಎದ್ದು ಬನ್ನಿ.

## ಮನೆ, ಊರು, ಉಪಕೇಂದ್ರ

ನಾನು ಆಶಾ. ನನ್ನ ಏರಿಯಾದಲ್ಲಿ ಅಂಥವರು ಒಬ್ಬರೂ ಇಲ್ಲ. ನನಗೆ ಯಾಕೆ ಈ ತರಬೇತಿ?

ಅಕ್ಕ, ಅವರನ್ನು ಹುಡುಕಿ ಪಟ್ಟಿ ಮಾಡಿ ಅಂತ ಯಾರೂ ನಿಮಗೆ ಹೇಳ್ತಿಲ್ಲ. ದಯವಿಟ್ಟು ಮಾಡಲೂ ಬೇಡಿ. ನಿಮ್ಮ ಕೈಯಲ್ಲಿರುವ ರಿಜಿಸ್ಟರನ್ನು ಒಂದು ಸಲ ಬೇರೆ ಕಣ್ಣಿಂದ ನೋಡಿ ಅಂತ ಮಾತ್ರ ಕೇಳ್ತಿದ್ದೇನೆ.

ಅರ್ಹ ದಂಪತಿ ರಿಜಿಸ್ಟರ್ ಇದೆಯಲ್ಲ. ಹೆಂಡತಿಗೆ 15ರಿಂದ 49 ವರ್ಷ, ಗಂಡನ ಜೊತೆ ಸಂಸಾರ, ಅಂಥ ಜೋಡಿಗಳ ಹೆಸರು ಅದರಲ್ಲಿ. ಆಮೇಲೆ ತಾಯಿ ಕಾರ್ಡ್, ತಪಾಸಣೆ, ಹೆರಿಗೆ, ಚುಚ್ಚುಮದ್ದು. ಈ ದಾರಿಯಲ್ಲಿ ಬರುವ ಹೆಂಗಸಿನ ಮನೆಗೆ ನೀವು ಮತ್ತೆ ಮತ್ತೆ ಹೋಗುತ್ತೀರಿ, ಊಟ ಮಾಡಿದ್ಯಾ, ನಿದ್ದೆ ಬರುತ್ತಾ ಅಂತ ಕೇಳುತ್ತೀರಿ. ತಾಯಿ ಮಗು ಸಾಯುವುದು ಕಡಿಮೆಯಾಗಿದ್ದರ ಹಿಂದೆ ನಿಮ್ಮ ಕಾಲಿನ ಸವೆತ ಇದೆ, ಅದರಲ್ಲಿ ಎರಡು ಮಾತಿಲ್ಲ.

ಈಗ ದಾರಿಯಲ್ಲಿ ಬಾರದವರನ್ನು ಲೆಕ್ಕ ಹಾಕಿ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿರುವ, ಮದುವೆಯಾಗದ 38 ವರ್ಷದ ಚಿಕ್ಕಮ್ಮ, ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಾ ಕೂರುವವಳು. ತಾಯಿಯ ಜೊತೆ ಒಬ್ಬನೇ ಇರುವ 45ರ ಗಂಡಸು. ಬಿಟ್ಟು ಬಂದವಳು. ಒಂದೇ ಬಿಡಾರದಲ್ಲಿ ಹತ್ತು ವರ್ಷದಿಂದ ಒಟ್ಟಿಗೆ ಇರುವ ಇಬ್ಬರು ಕೂಲಿ ಹೆಂಗಸರು. 30 ದಾಟಿದವರಿಗೆ ಬಿಪಿ, ಶುಗರ್ ನೋಡುವಾಗ ಇವರ ಹೆಸರು ಬರಬಹುದು. ಆದರೆ 'ಹೇಗಿದ್ದೀರಿ' ಅಂತ ಕೇಳಲು ಇವರ ಮನೆಗೆ ಹೋಗುವ ಕಾರಣವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲ. ಇವರಲ್ಲಿ ಯಾರು ಗೇ, ಯಾರು ಲೆಸ್ಬಿಯನ್, ಯಾರು ಎರಡೂ ಅಲ್ಲ ಅನ್ನೋದು ನಿಮಗೂ ಬೇಕಿಲ್ಲ, ನನಗೂ ಬೇಕಿಲ್ಲ. ಗಂಡ-ಹೆಂಡತಿ-ಮಗು ಅನ್ನೋ ಚೌಕಟ್ಟಿನಲ್ಲಿ ಆರೋಗ್ಯವನ್ನು ಕೂರಿಸಿದಾಗ ಇಷ್ಟೂ ಜನ ಒಟ್ಟಿಗೆ ಹೊರಗೆ ಬೀಳುತ್ತಾರೆ. ಕ್ವಿಯರ್ ಥಿಯರಿಯಿಂದ ನನಗೆ ಸಿಕ್ಕ ಅತ್ಯಂತ ಉಪಯೋಗದ ಮಾತು ಇದೇ.

ಮಾಡಲು ಏನಿದೆ ಅಂದ್ರೆ, ಪ್ರಶ್ನೆ ಬದಲಾಯಿಸಿ. 'ಯಜಮಾನರು ಎಲ್ಲಿ?', 'ಮಕ್ಕಳೆಷ್ಟು?' ಬದಲು 'ಮನೇಲಿ ನಿಮ್ಮ ಜೊತೆ ಯಾರಿದ್ದಾರೆ?', 'ಹುಷಾರಿಲ್ಲ ಅಂದ್ರೆ ಮೊದಲು ಯಾರನ್ನ ಕರೀತೀರಿ?' ಅಂತ ಕೇಳಿ. ಎರಡನೇ ಪ್ರಶ್ನೆಗೆ 'ಯಾರೂ ಇಲ್ಲ' ಅನ್ನೋ ಉತ್ತರ ಬಂದರೆ ಅದು ಬಿಪಿಯಷ್ಟೇ ಮುಖ್ಯವಾದ ಮಾಹಿತಿ.

ಅವರಿಗೆ ಡಿಪ್ರೆಶನ್, ಆತ್ಮಹತ್ಯೆ ಯೋಚನೆ ಜಾಸ್ತಿ ಅಂತೀರಿ. ಹಾಗಾದ್ರೆ ತೊಂದ್ರೆ ಅವರಲ್ಲೇ ಇದೆ ಅಂತಾಯ್ತಲ್ಲ?

ಅಮೆರಿಕದ ಸಂಶೋಧಕ ಇಲಾನ್ ಮೇಯರ್ ಈ ಪ್ರಶ್ನೆಗೇ ಉತ್ತರ ಕೊಟ್ಟರು. 2003ರಲ್ಲಿ ಅವರು ವಿವರಿಸಿದ್ದನ್ನು 'ಅಲ್ಪಸಂಖ್ಯಾತರ ಒತ್ತಡ' ಅಂತ ಕರೆಯುತ್ತಾರೆ. ಎಲ್ಲರಿಗೂ ಇರುವ ಸಾಲ, ಬೆಳೆ, ಜಗಳದ ಒತ್ತಡದ ಮೇಲೆ ಕ್ವಿಯರ್ ಜನರಿಗೆ ಇನ್ನೊಂದು ಪದರ ಇರುತ್ತದೆ. ಹೊಡೆತ, ಬೈಗುಳ, ಕೆಲಸ ಹೋಗುವುದು ಒಂದು. ಇವತ್ತು ಯಾರಾದರೂ ಏನಾದರೂ ಅಂದಾರು ಅಂತ ಸದಾ ಎಚ್ಚರದಲ್ಲಿರುವುದು ಇನ್ನೊಂದು. ಮುಚ್ಚಿಡುವುದು ಮತ್ತೊಂದು. ಕೊನೆಗೆ ಊರು ಹೇಳಿದ್ದನ್ನು ತಾವೇ ನಂಬಿಬಿಡುವುದು. ಯಾವಾಗಲೂ ಎಚ್ಚರದಲ್ಲಿರುವ ದೇಹಕ್ಕೆ ನಿದ್ದೆ ಬರಲ್ಲ, ಹೊಟ್ಟೆ ಸರಿ ಇರಲ್ಲ, ಕುಡಿತ ಹತ್ತಿರವಾಗುತ್ತದೆ.

ಆದರೂ ಈ ಮಾದರಿಯ ಬಗ್ಗೆ ನನಗೊಂದು ತಕರಾರಿದೆ. ಒತ್ತಡ ಅಂದ ತಕ್ಷಣ ಯೋಜನೆ ಮಾಡುವವರು 'ಒತ್ತಡ ನಿಭಾಯಿಸುವ ಶಿಬಿರ' ಇಡುತ್ತಾರೆ, ಉಸಿರಾಟ ಹೇಳಿಕೊಡುತ್ತಾರೆ. ಒಳ್ಳೆಯದೇ. ಆದರೆ ಕಾಲೇಜಿನ ಕ್ಯಾಂಟೀನಿನಲ್ಲಿ ಚಪ್ಪಾಳೆ ತಟ್ಟಿ ಗೇಲಿ ಮಾಡುವ ಹುಡುಗರಿಗೆ ಯಾವ ಶಿಬಿರವೂ ಇರುವುದಿಲ್ಲ.

ನಾನೇ ಹಾಗೆ. 22 ವರ್ಷ. ಯಾರಿಗೂ ಹೇಳಿಲ್ಲ, ರಾತ್ರಿ ನಿದ್ದೆ ಇಲ್ಲ. ಈ ಥಿಯರಿ ನನಗೇನು ಮಾಡುತ್ತೆ?

ಈ ವಾರ ಏನೂ ಮಾಡಲ್ಲ. ಮೊದಲು ನಿದ್ದೆ ಬರಬೇಕು. ಟೆಲಿ ಮಾನಸ್ ಸಂಖ್ಯೆ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರ್ತಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಫೋನ್ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೋಗುವ ಮೊದಲು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ.

ಒಂದು ವಿಷಯ ಗೊತ್ತಿರಲಿ. ನಿದ್ದೆ ಬರ್ತಿಲ್ಲ, ಮನಸ್ಸು ಕುಗ್ಗಿದೆ ಅಂತ ಹೇಳಿದರೆ ಸಾಕು, ಚಿಕಿತ್ಸೆ ಶುರುವಾಗುತ್ತದೆ. ಉಳಿದದ್ದನ್ನು ನಂಬಿಕೆ ಬಂದ ಮೇಲೆ, ಬೇಕೆನಿಸಿದರೆ ಹೇಳಿ. ನೀವು ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಅಂತ 2017ರ ಕಾಯ್ದೆಯ 23ನೇ ಕಲಮಿನಲ್ಲಿದೆ. ಥಿಯರಿ ಆಮೇಲೆ ನಿಧಾನಕ್ಕೆ ಓದಿ. 'ನಾನ್ಯಾಕೆ ಹೀಗೆ' ಅನ್ನೋ ಪ್ರಶ್ನೆಯ ಪಕ್ಕದಲ್ಲಿ 'ಇವರೆಲ್ಲ ಯಾಕೆ ಹೀಗೆ' ಅನ್ನೋ ಪ್ರಶ್ನೆಯೂ ಕೇಳಬಹುದು ಅಂತ ಅದು ತೋರಿಸುತ್ತದೆ. ಕೆಲವರಿಗೆ ಅದರಿಂದ ತುಂಬಾ ಹಗುರವಾಗುತ್ತದೆ.

'ಮನೆಯವರಿಗೆ ಹೇಳಿಬಿಡು, ಹಗುರಾಗ್ತೀಯ' ಅಂತ ಸಲಹೆ ಕೊಡಬಹುದಾ?

ಅವಸರದಲ್ಲಿ ಕೊಡಬೇಡಿ. ಸಿನಿಮಾದಲ್ಲಿ ಚೆನ್ನಾಗಿರುತ್ತದೆ. ಇಲ್ಲಿ ಹೇಳಿದ ಮರುದಿನ ಫೋನ್ ಕಿತ್ತುಕೊಂಡು, ಓದು ಬಿಡಿಸಿ, ಗಂಡು ನೋಡಲು ಶುರು ಮಾಡಿದ ಮನೆಗಳಿವೆ. ಹೇಳುವ ಮೊದಲು ಉಳಿಯಲು ಜಾಗ, ಕೈಯಲ್ಲಿ ಸ್ವಲ್ಪ ದುಡ್ಡು, ತನ್ನ ದಾಖಲೆ ಪತ್ರ, ನಂಬುವ ಒಬ್ಬರಾದರೂ ಇದ್ದಾರಾ ಅಂತ ಕೇಳಿ.

ಇನ್ನೂ ಒಂದು ಇದೆ. ಮುಚ್ಚಿಡುವುದು ಮತ್ತು ಹೇಳುವುದು ಅಂತ ಎರಡೇ ದಾರಿ ಇರುವುದಿಲ್ಲ. ನಮ್ಮಲ್ಲಿ ಮನೆಗಳು ದೂರ ದೂರ, ಒಂದು ಗುಡ್ಡಕ್ಕೆ ಒಂದು. ಆದರೂ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಡೆಸಿಕೊಂಡು ಹೋಗುತ್ತಾರೆ. 'ಅವನಿಗೆ ಮದುವೆಯಲ್ಲಿ ಮನಸ್ಸಿಲ್ಲ ಬಿಡಿ' ಅಂತ ಒಬ್ಬ ಅಮ್ಮ ಬಂದ ನೆಂಟರ ಬಾಯಿ ಮುಚ್ಚಿಸುತ್ತಾಳೆ, ಅವಳಿಗೆ ಗೊತ್ತಾ ಇಲ್ವಾ ಅಂತ ಕೇಳಲು ಹೋಗಬೇಡಿ. ಸೆಡ್ಜ್‌ವಿಕ್ ಬರೆದದ್ದು ಹೆಚ್ಚಿನ ಮಟ್ಟಿಗೆ ಇಂಥದ್ದರ ಬಗ್ಗೆಯೇ, ಯಾರಿಗೆ ಏನು ಗೊತ್ತಿದೆ, ಗೊತ್ತಿಲ್ಲದ ಹಾಗೆ ಇರುವುದರಿಂದ ಯಾರ ಕೈ ಮೇಲಾಗುತ್ತದೆ ಅಂತ. ಈ ಮೌನ ಕೆಲವರಿಗೆ ನೆರಳು, ಕೆಲವರಿಗೆ ಉಸಿರುಗಟ್ಟು. ಯಾವುದು ಅಂತ ಹೇಳಬೇಕಾದವರು ಅದರೊಳಗೆ ಇರುವವರು, ಆಪ್ತಸಮಾಲೋಚಕರು ಅಲ್ಲ.

ಮಗ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಾನೆ. ಅವನೂ ಹಾಗೇನಾ?

ವೇಷದಿಂದ ಅದು ಗೊತ್ತಾಗಲ್ಲ. ಸ್ತ್ರೀವೇಷ ಒಂದು ಕಲೆ, ವರ್ಷಗಟ್ಟಲೆ ಕಲಿಯುವಂಥದ್ದು. ಮಾಡಿದವರಲ್ಲಿ ಎಲ್ಲ ಥರದವರೂ ಇದ್ದಾರೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸ್ವಾರಸ್ಯ ಇದೆ. ನಡಿಗೆ, ಕತ್ತು ತಿರುಗಿಸುವುದು, ದನಿ, ಇವನ್ನು ರಂಗದ ಮೇಲಿನ ಗಂಡಸು ಕಲಿಯಬಲ್ಲ ಅಂದರೆ, ಹೆಂಗಸರೂ ಅದನ್ನು ಚಿಕ್ಕಂದಿನಿಂದ ಕಲಿತೇ ಬಂದಿರಬಹುದು ಅಲ್ವಾ? ಗಂಡಸರು ಗಂಡಸುತನ ಕಲಿತ ಹಾಗೆ. ಬಟ್ಲರ್ ಹೇಳುವುದು ಸುಮಾರು ಇದನ್ನೇ, ದಿನಾ ಮಾಡಿ ಮಾಡಿ ಅದು ಹುಟ್ಟಿನಿಂದಲೇ ಬಂದಂತೆ ಕಾಣುತ್ತದೆ ಅಂತ. ಒಂದು ವ್ಯತ್ಯಾಸ ಮರೆಯಬಾರದು: ವೇಷ ಬೆಳಗ್ಗೆ ಕಳಚಬಹುದು, ಇದನ್ನು ಹಾಗೆ ಕಳಚಲಾಗದು ಅಂತ ಬಟ್ಲರ್ ಅವರೇ ಆಮೇಲೆ ಒತ್ತಿ ಹೇಳಬೇಕಾಯಿತು. ನನಗೆ ಚಿಂತೆ ಇರುವುದು ಬೇರೆ ವಿಷಯಕ್ಕೆ. ರಾತ್ರಿ ಯಾರ ಸ್ತ್ರೀವೇಷಕ್ಕೆ ಶಿಳ್ಳೆ ಹೊಡೆದರೋ ಅದೇ ಹುಡುಗ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಗೇಲಿ ಮಾಡುತ್ತಾರೆ. ಅವನು ಯಾರೇ ಆಗಿರಲಿ, ಆ ಗೇಲಿ ಅವನ ಆರೋಗ್ಯದ ವಿಷಯ.

'ಮೈಮೇಲೆ ಎಲ್ಲಮ್ಮ ಬಂದಿದ್ದಾಳೆ, ಅದಕ್ಕೇ ಸೀರೆ ಉಡ್ತಾನೆ' ಅಂತ ಮನೆಯವರು ಕರ್ಕೊಂಡು ಬಂದ್ರು. ಆಪ್ತಸಮಾಲೋಚಕಿಯಾಗಿ ನಾನೇನು ಮಾಡಲಿ?

ಮೊದಲನೆಯದು, ನಗಬೇಡಿ. ಎರಡನೆಯದು, ತಕ್ಷಣ 'ಇದು ಎಲ್ಲಮ್ಮ ಅಲ್ಲ, ನೀವು ಟ್ರಾನ್ಸ್' ಅಂತ ಹೊಸ ಹೆಸರು ಕೊಡಬೇಡಿ. ಅದೂ ಒಂದು ಥರ ಹೊರಗಿನಿಂದ ಹೇರುವುದೇ. ದೇವಿಯ ಮಾತಿನಲ್ಲಿ ಆ ವ್ಯಕ್ತಿಗೆ ಒಂದು ಜಾಗ ಸಿಕ್ಕಿರಬಹುದು, ಮನೆಯವರಿಗೂ ಊರಿನ ಎದುರು ಹೇಳಲು ಒಂದು ಮಾತು ಸಿಕ್ಕಿರಬಹುದು. ಜೋಗಪ್ಪರ ಪರಂಪರೆ ಬಹಳ ಜನರನ್ನು ಉಳಿಸಿದೆ. ಕೆಲವರಿಗೆ ಅದೇ ಕಟ್ಟೂ ಆಗಿದೆ, ಓದು, ಬೇರೆ ಕೆಲಸ ಬಿಟ್ಟು ಬೇಡುವ ಬದುಕಿಗೆ ಹೋಗಬೇಕಾದಾಗ.

ಮನೆಯವರನ್ನು ಹೊರಗೆ ಕೂರಿಸಿ ಆ ವ್ಯಕ್ತಿಯ ಜೊತೆ ಮಾತ್ರ ಮಾತಾಡಿ. ಸೀರೆ ಉಟ್ಟಾಗ ಹೇಗನ್ನಿಸುತ್ತದೆ, ಯಾವ ಹೆಸರಿನಿಂದ ಕರೆಯಲಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ, ಹರಕೆ ಅಂತ ಉಪವಾಸ ಹಾಕಿದ್ದಾರಾ ಅಂತ ಕೇಳಿ. ಬೇರೆ ದನಿ ಕೇಳಿಸುವುದು, ಹೆದರಿಕೆ, ದಿನಗಟ್ಟಲೆ ಊಟ ನಿದ್ದೆ ಬಿಟ್ಟಿರುವುದು ಇದ್ದರೆ ಅದನ್ನು ಬೇರೆಯಾಗಿ ನೋಡಿ ಮನೋವೈದ್ಯರ ಹತ್ತಿರ ಕಳಿಸಿ. ಸೀರೆ ಉಡುವುದನ್ನು ಮಾತ್ರ ಲಕ್ಷಣ ಅಂತ ಬರೆಯಬೇಡಿ.

ಶಕ್ತಿ ಯೋಜನೆಯಲ್ಲಿ ಅವರಿಗೂ ಬಸ್ ಫ್ರೀ ಇದೆಯಲ್ಲ. ಆಸ್ಪತ್ರೆಗೆ ಬರೋಕೆ ಮತ್ತೇನು ತೊಂದ್ರೆ?

ಇದೆ, 2023ರ ಜೂನ್‌ನಿಂದ, ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ. ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಕಡೆ ಎಷ್ಟೋ ಊರಿಗೆ ಓಡುವುದು ಪ್ರೈವೇಟ್ ಬಸ್ಸು ಅಂತ ನಿಮಗೇ ಗೊತ್ತು. ಸರ್ಕಾರಿ ಬಸ್ಸು ಸಿಕ್ಕರೂ ಗುರುತಿನ ಚೀಟಿಯಲ್ಲಿ 'ಪುರುಷ' ಅಂತಿದ್ದರೆ ಸೀಟುಗಳ ಮಧ್ಯೆ ನಿಂತು ವಾದ ಮಾಡಬೇಕು. ಅದಕ್ಕಿಂತ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳೋದು ವಾಸಿ ಅನ್ನುತ್ತಾರೆ.

ಪ್ರೈವೇಟ್ ಬಸ್ಸಿನ ಕಂಡಕ್ಟರಿಗೆ ನಿಮ್ಮ ಮನೆ, ಮನೆತನ ಎಲ್ಲ ಗೊತ್ತು. 'ಎಲ್ಲಿಗೆ? ಮೆಗ್ಗಾನಿಗಾ? ಯಾರಿಗೆ ಹುಷಾರಿಲ್ಲ?' ಪ್ರೀತಿಯಿಂದಲೇ ಕೇಳುತ್ತಾನೆ. ಸಂಜೆಯೊಳಗೆ ಊರಿಗೆ ಸುದ್ದಿ. ಆಸ್ಪತ್ರೆ ತಲುಪಿದ ಮೇಲೆ ಚೀಟಿ ಮಾಡಿಸಲು ಗಂಡಸರ ಸಾಲು, ಹೆಂಗಸರ ಸಾಲು. ಎರಡರಲ್ಲಿ ಎಲ್ಲಿ ನಿಂತರೂ ತಳ್ಳುವವರು ಇರುತ್ತಾರೆ. ಆಮೇಲೆ ದಾಖಲೆಯ ಹೆಸರನ್ನು ಜೋರಾಗಿ ಕೂಗುತ್ತಾರೆ. ಟ್ರಾನ್ಸ್ ಹೆಣ್ಣೊಬ್ಬಳು ಎದ್ದು ನಿಂತಾಗ ಇಡೀ ಬೆಂಚು ತಿರುಗಿ ನೋಡುತ್ತದೆ. ಹೆಸರಿನ ಬದಲು ಟೋಕನ್ ನಂಬರ್ ಕೂಗಿದರೆ ಖರ್ಚು ಏನೂ ಇಲ್ಲ. ಅದರಿಂದ ಕ್ಷಯ ಇರುವವನಿಗೂ, ಗರ್ಭಪಾತಕ್ಕೆ ಬಂದವಳಿಗೂ ಉಪಕಾರ.

ಹಾಗಾದರೆ ಫೋನಿನಲ್ಲೇ ಆಪ್ತಸಮಾಲೋಚನೆ ಮಾಡೋಣ ಅಂತೀರಿ. ಮಳೆಗಾಲದಲ್ಲಿ ಕಾಲುಸಂಕ ದಾಟಲಾಗದ ಊರಿಗೆ ಅದು ವರವೇ. ಆದರೆ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುವ ಮನೆಯಲ್ಲಿ, ಅಪ್ಪ ಅಲ್ಲೇ ಕವಳ ಹಾಕುತ್ತಾ ಕೂತಿರುವಾಗ, ಏನು ಮಾತಾಡುವುದು? ಫೋನ್ ಎತ್ತಿದವರನ್ನು ಮೊದಲು 'ಹೌದು, ಇಲ್ಲ ಅಂತ ಮಾತ್ರ ಉತ್ತರ ಕೊಡಬಹುದಾದ ಜಾಗದಲ್ಲಿದ್ದೀರಾ?' ಅಂತ ಕೇಳಿ, ಅದಕ್ಕೆ ತಕ್ಕ ಹಾಗೆ ಪ್ರಶ್ನೆ ಹೆಣೆಯಿರಿ.

ನಾವಿಬ್ಬರು ಗೆಳತಿಯರು ಒಟ್ಟಿಗೆ ಇದ್ದೀವಿ. ಅವಳಿಗೆ ಆಗಾಗ ಮನಸ್ಸು ತುಂಬಾ ಹದಗೆಡುತ್ತೆ. ಆಸ್ಪತ್ರೆಯಲ್ಲಿ ನನ್ನ ಮಾತು ನಡೆಯುತ್ತಾ?

ಮಾನಸಿಕ ಚಿಕಿತ್ಸೆಯಲ್ಲಿ ನಡೆಯುವ ಹಾಗೆ ಮಾಡಿಕೊಳ್ಳಬಹುದು. ಸಲಿಂಗ ವಿವಾಹಕ್ಕೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಡಲಿಲ್ಲ, ಹಾಗಾಗಿ ಸಂಬಂಧದ ಹೆಸರಿನಲ್ಲಿ ಹಕ್ಕು ಕೇಳುವುದು ಕಷ್ಟ. ಆದರೆ 2017ರ ಕಾಯ್ದೆಯ 14ನೇ ಕಲಮಿನಲ್ಲಿ 'ನಾಮನಿರ್ದೇಶಿತ ಪ್ರತಿನಿಧಿ' ಅಂತ ಇದೆ. ಅವಳು ಆರಾಮಾಗಿರುವಾಗ ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ನೀವೂ ಒಪ್ಪಿಗೆ ಬರೆದುಕೊಡಬೇಕು. ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕಿಲ್ಲ. ಇವತ್ತೇ ಬರೆದು ಎರಡು ಪ್ರತಿ ಇಟ್ಟುಕೊಳ್ಳಿ.

## ಕೆಲಸ ಮಾಡುವವರಿಗೆ, ಓದುವವರಿಗೆ

ಎಚ್‌ಐವಿ ಪ್ರಾಜೆಕ್ಟ್ ಮೊದಲಿಂದ ಇದೆಯಲ್ಲ. ಇದೂ ಅದೇ ಅಲ್ವಾ?

ಆ ಪ್ರಾಜೆಕ್ಟುಗಳು ಜೀವ ಉಳಿಸಿವೆ, ಸಂಘಟನೆ ಕಟ್ಟಲು ಜಾಗ ಕೊಟ್ಟಿವೆ. ಆದರೆ ಅಲ್ಲಿ ಮನುಷ್ಯ ಬರುವುದು 'ಅಪಾಯದ ಗುಂಪು' ಅಂತ. ಎಷ್ಟು ಕಾಂಡೋಮ್, ಎಷ್ಟು ಟೆಸ್ಟ್. ಅವನ ಒಂಟಿತನಕ್ಕೆ, ಅಪ್ಪ ಸತ್ತಾಗ ಹೆಗಲು ಕೊಡಲು ಬಿಡದ ಸಂಕಟಕ್ಕೆ ಕಾಲಂ ಇಲ್ಲ. ಲೆಸ್ಬಿಯನ್ ಹೆಂಗಸರು, ಟ್ರಾನ್ಸ್ ಗಂಡಸರು ಆ ಲೆಕ್ಕದಲ್ಲಿ ಅಪಾಯವೇ ಅಲ್ಲ, ಹಾಗಾಗಿ ಅವರಿಗೆ ಏನೂ ಇಲ್ಲ. ಒಬ್ಬರ ಆರೋಗ್ಯ ಮುಖ್ಯವಾಗಲು ಅವರಿಂದ ಬೇರೆಯವರಿಗೆ ರೋಗ ಹರಡುವ ಭಯ ಇರಬೇಕಾ?

ನಮ್ಮ ಫಾರ್ಮಿನಲ್ಲಿ 'ಇತರೆ' ಅಂತ ಕಾಲಂ ಸೇರಿಸಿದ್ವಿ. ಸಾಕಲ್ವಾ?

ಕಾಲಂ ಇರಲಿ. ಅದನ್ನು ತುಂಬುವವರು ಮುಖ ನೋಡಿ ತಾವೇ ಟಿಕ್ ಹಾಕುತ್ತಾರಾ ಅಂತ ಮಾತ್ರ ಒಂದು ದಿನ ಪಕ್ಕದಲ್ಲಿ ಕೂತು ನೋಡಿ.

ಗುರುತು ಅನ್ನೋದೇ ಕಟ್ಟಿದ್ದು ಅಂತ ಥಿಯರಿ ಹೇಳಿದ್ರೆ, ಲೆಕ್ಕ ಹಾಕೋದು, ಸೌಲಭ್ಯ ಕೇಳೋದು ಹೇಗೆ?

ಈ ಕ್ಷೇತ್ರದ ನಿಜವಾದ ಗಂಟು ಇದು. ಲಿಂಗತ್ವ ಅಲ್ಪಸಂಖ್ಯಾತರಿಗಿರುವ ಮೈತ್ರಿ ಯೋಜನೆಯ ಮಾಸಾಶನ ಬೇಕಂದರೆ ಒಂದು ವರ್ಗಕ್ಕೆ ಸೇರಬೇಕು. 2021ರಲ್ಲಿ ರಾಜ್ಯ ಸರ್ಕಾರ ನೌಕರಿಯಲ್ಲಿ ಅವರಿಗೆ ಕೊಟ್ಟ ಶೇಕಡಾ 1 ಮೀಸಲಾತಿಗೂ ಹಾಗೇ. 'ನಾನು ಯಾವ ಹೆಸರಿಗೂ ಸೇರಲ್ಲ' ಅಂತ ಕೌಂಟರಿನಲ್ಲಿ ಹೇಳಿದರೆ ಅರ್ಜಿ ವಾಪಸ್ ಬರುತ್ತದೆ. ಥಿಯರಿ ಓದಿದವರು ಹಳ್ಳಿಗೆ ಬಂದು 'ವರ್ಗಗಳನ್ನೇ ಒಡೆಯಬೇಕು' ಅಂದಾಗ ಮಾಸಾಶನ ತಗೊಳ್ಳುವವರಿಗೆ ಸಿಟ್ಟು ಬಂದರೆ ಅದು ನ್ಯಾಯವೇ.

ನನ್ನ ನಿಲುವು ಹೀಗೆ. ಹಕ್ಕು ಕೇಳುವ ಕಡೆ ಹೆಸರು ಬೇಕು, ಲೆಕ್ಕವೂ ಬೇಕು, ಯಾಕಂದ್ರೆ ಲೆಕ್ಕ ಇಲ್ಲದವರಿಗೆ ಬಜೆಟ್ ಇಲ್ಲ. ಆಪ್ತಸಮಾಲೋಚನೆಯ ಕೋಣೆಯಲ್ಲಿ ಅದೇ ಹೆಸರನ್ನು ಹೇರಬಾರದು. ಇವತ್ತು 'ಕೋತಿ' (ಹೆಣ್ಣಿನ ಹಾವಭಾವದ ಗಂಡಸರು ತಮ್ಮೊಳಗೆ ಬಳಸುವ ಹೆಸರು) ಅಂತ ಕರೆದುಕೊಂಡವರು ನಾಳೆ ಟ್ರಾನ್ಸ್ ಅನ್ನಬಹುದು, ನಾಡಿದ್ದು ಮದುವೆಯಾಗಿ ಎರಡು ಮಕ್ಕಳ ಅಪ್ಪನೂ ಆಗಬಹುದು, ಮೂರೂ ನಿಜವಾಗಿರಬಹುದು. ಸಮೀಕ್ಷೆ ಮಾಡುವಾಗಲೂ ಆಕರ್ಷಣೆ, ನಡವಳಿಕೆ, ತನ್ನನ್ನು ತಾನು ಕರೆದುಕೊಳ್ಳುವ ಹೆಸರು, ಇವನ್ನು ಮೂರು ಬೇರೆ ಪ್ರಶ್ನೆಯಾಗಿ ಕೇಳಿ. ಉತ್ತರ ಬೇರೆ ಬೇರೆ ಬಂದರೆ ಅದನ್ನು ತಪ್ಪು ಅಂತ ಅಳಿಸಬೇಡಿ.

ಜಾತಿ, ಜಮೀನು ಬಿಟ್ಟು ಮಾತಾಡ್ತಿದ್ದೀರಲ್ಲ?

ಬಿಟ್ಟರೆ ಮಲೆನಾಡೇ ಬಿಟ್ಟಂತೆ. ನಾಲ್ಕು ಎಕರೆ ಅಡಿಕೆ ತೋಟ ಇರುವ ಮನೆಯ ಮಗ ಮದುವೆ ಬೇಡ ಅಂದರೆ 'ವೈರಾಗ್ಯ' ಅನ್ನುತ್ತಾರೆ, ಅದೇ ತೋಟದಲ್ಲಿ ಅಡಿಕೆ ಗೊನೆ ಕೊಯ್ಯುವವನು ಹಾಗಂದರೆ ಬೇರೆಯೇ ಮಾತು. ತೋಟದ ಮನೆಯವನಿಗೂ ಕಷ್ಟ ಇದೆ, ಬೇರೆ ಥರ. ಪಾಲು ತಪ್ಪುತ್ತದೆ ಅಂತ ಮನೆ ಬಿಡಲಾಗದೆ ಕೂತಿರುತ್ತಾನೆ. ಬುಡಕಟ್ಟಿನವರಾದ ಹಸಲರ ಕೇರಿಯ ಹುಡುಗಿ ಮನೆ ಬಿಟ್ಟರೆ ಕಳೆದುಕೊಳ್ಳಲು ಪಾಲಿಲ್ಲ, ಹೋಗಲು ಜಾಗವೂ ಇಲ್ಲ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲಿ ಕಪ್ಪು ಹೆಂಗಸರ ಬಗ್ಗೆ ಹೇಳಿದ್ದು ಇಂಥದ್ದನ್ನೇ. ಎರಡು ಅನ್ಯಾಯ ಒಂದೇ ಮೈಮೇಲೆ ಬಿದ್ದಾಗ ಅದು ಎರಡರ ಮೊತ್ತ ಆಗಿರುವುದಿಲ್ಲ, ಮೂರನೆಯದೇ ಒಂದು ಆಗುತ್ತದೆ. ಅಲ್ಲಿಯವರೇ ಆದ ಕ್ಯಾಥಿ ಕೋಹೆನ್ 1997ರಲ್ಲಿ ಕ್ವಿಯರ್ ರಾಜಕಾರಣದವರಿಗೇ ಇದನ್ನು ನೆನಪಿಸಿದರು: ಸರ್ಕಾರಿ ಸಹಾಯದಲ್ಲಿ ಬದುಕುವ ಒಂಟಿ ಬಡ ತಾಯಿಯೂ 'ಸಹಜ'ದ ಸಾಲಿನಿಂದ ಹೊರಗೇ ಇದ್ದಾಳೆ, ಅವಳ ಜೊತೆ ನಿಲ್ಲದ ರಾಜಕಾರಣ ಅರ್ಧ ಅಂತ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಹೋರಾಡಿದ ಜಿಲ್ಲೆಯಲ್ಲಿ ಈ ಮಾತು ಅರ್ಥವಾಗದೆ ಇರಲಿಕ್ಕಿಲ್ಲ.

ಎಂಎಸ್‌ಡಬ್ಲ್ಯೂ ಓದ್ತಿದ್ದೀನಿ. ಇದರ ಮೇಲೆ ಪ್ರಬಂಧ ಮಾಡ್ಬೇಕು. ಎಲ್ಲಿಂದ ಶುರು ಮಾಡಲಿ ಮೇಡಂ?

ನಿಮ್ಮ ಮೊದಲ ಯೋಚನೆ 'ಇಪ್ಪತ್ತು ಜನರನ್ನು ಸಂದರ್ಶಿಸಿ ಅವರ ನೋವು ಬರೆಯೋಣ' ಅಂತಿದ್ದರೆ ಸ್ವಲ್ಪ ತಡೆಯಿರಿ. ನೋವು ಹೇಳಿ ಹೇಳಿ ಸುಸ್ತಾದ ಜನ ಅವರು. ಅದರ ಬದಲು ವ್ಯವಸ್ಥೆಯನ್ನೇ ಸಂದರ್ಶಿಸಿ. ಒಂದು ತಾಲ್ಲೂಕಿನ ಆರೋಗ್ಯ ಫಾರ್ಮುಗಳು, ಗೋಡೆಯ ಪೋಸ್ಟರುಗಳು, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿನಲ್ಲಿ ಕೇಳುವ ಪ್ರಶ್ನೆಗಳು, ಆಪ್ತಸಮಾಲೋಚಕರ ತರಬೇತಿ ಪುಸ್ತಕ, ಇವನ್ನು ಇಟ್ಟುಕೊಂಡು ಯಾವ ಮನೆಯನ್ನು 'ಮನೆ' ಅಂತ ಇವು ಅಂದುಕೊಂಡಿವೆ ಅಂತ ಬರೆಯಿರಿ. ಅಷ್ಟರಲ್ಲೇ ಪ್ರಬಂಧ ಆಗುತ್ತದೆ.

ಜನರ ಜೊತೆ ಮಾತಾಡಲೇಬೇಕು ಅಂದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿಕೊಳ್ಳಿ. ಹೆಸರು ಬದಲಾಯಿಸಿದರೆ ಗುರುತು ಮುಚ್ಚಿತು ಅಂದುಕೊಳ್ಳಬೇಡಿ. 'ಹೊಸನಗರ ತಾಲ್ಲೂಕಿನ, 34 ವರ್ಷದ, ಮೇಳದಲ್ಲಿ ವೇಷ ಮಾಡುವ, ತಂಗಿ ಟೀಚರ್ ಆಗಿರುವ' ಅಂತ ಬರೆದರೆ ಓದಿದವರು ಅವನ ಮನೆಗೆ ದಾರಿ ಹೇಳುತ್ತಾರೆ. ಊರು, ವಯಸ್ಸು, ಕಸುಬು, ಮನೆಯವರ ವಿವರ, ಇವುಗಳಲ್ಲಿ ಎರಡನ್ನಾದರೂ ಬಿಡಿ ಅಥವಾ ಸಡಿಲ ಮಾಡಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಅಂದ ಸಾಲು ತೆಗೆಯಿರಿ.

ಅವರ ಮನೆಗೆ ಹೋಗಬೇಡಿ. ಹೊಸ ಮುಖ ಬಂದರೆ ನಾಯಿಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರೂ ವಿಚಾರಿಸುತ್ತಾರೆ. ಜಾಗ ಅವರೇ ಹೇಳಲಿ. ಸಂತೆ ದಿನ ಒಳ್ಳೆಯದು, ಅವತ್ತು ಪೇಟೆಗೆ ಬರಲು ಎಲ್ಲರಿಗೂ ಒಂದು ಕಾರಣ ಇರುತ್ತದೆ. ಕೂಲಿ ತಪ್ಪಿಸಿ ಬಂದವರಿಗೆ ದಿನದ ಕೂಲಿ, ಬಸ್ ಚಾರ್ಜ್ ಕೊಡಿ, ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಮಾತು ಶುರು ಮಾಡುವ ಮೊದಲೇ ಕೇಳಿಟ್ಟುಕೊಳ್ಳಿ.